ಮಗುವನ್ನು ಅಳಿಸುವ ಕೆಲಸ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರಿಗೆ ನನ್ನ ಕೆಲಸ ಏನೆಂಬುದು ಬಹಳ ದಿನಗಳ ಕುತೂಹಲ. ಟೀಚರಲ್ಲ, ನರ್ಸಲ್ಲ, ಅಂಗನವಾಡಿಯವಳೂ ಅಲ್ಲ. ಹೆಗಲಿಗೊಂದು ಚೀಲ ಹಾಕಿಕೊಂಡು ಹೋಗುತ್ತಾಳೆ, ಸಂಜೆ ವಾಪಸು ಬರುತ್ತಾಳೆ. ಚೀಲದೊಳಗೆ ನೋಡಿದರೆ ಗಿಲಕಿ, ರಬ್ಬರ್ ಚೆಂಡು, ಬಟ್ಟೆಯ ಗೊಂಬೆ. ಒಂದು ದಿನ ಟಿಕೆಟ್ ಹರಿಯುತ್ತಾ ಕೇಳಿಯೇಬಿಟ್ಟ.

"ಅಲ್ಲ ಮೇಡಂ, ನೀವು ಅಲ್ಲಿ ಮಾಡೋದಾದ್ರೂ ಏನು?"

"ಮಕ್ಕಳನ್ನ ಅಳಿಸ್ತೀನಿ" ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು, ಚಿಲ್ಲರೆ ಕೊಟ್ಟು ಮುಂದಿನ ಸೀಟಿಗೆ ಹೋದ. ಅವತ್ತಿನಿಂದ ಕೂಸು ಎತ್ತಿಕೊಂಡ ಹೆಂಗಸರು ಬಸ್ ಹತ್ತಿದರೆ, ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವರನ್ನು ಹಿಂದಕ್ಕೆ ಕಳಿಸುತ್ತಿದ್ದ. ನನಗೂ ಕಾಲು ಚಾಚಿ ಕೂರಲು ಜಾಗ ಸಿಗುತ್ತಿತ್ತು, ಹಾಗಾಗಿ ಅವನನ್ನು ತಿದ್ದಲು ಹೋಗಲಿಲ್ಲ.

ಹೇಳಿದ್ದು ಸುಳ್ಳೂ ಅಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಓದು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಚಳ್ಳಕೆರೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ತಾಯಿ ಇಲ್ಲದ, ಅಥವಾ ತಾಯಿ ಇದ್ದೂ ನೋಡಿಕೊಳ್ಳಲಾಗದ ಎಳೆ ಮಕ್ಕಳ ಮನೆಗಳಿಗೆ ಹೋಗುವುದು, ಆ ಮಗುವಿಗೆ ತನ್ನವರು ಅಂತ ಒಬ್ಬರಾದರೂ ಆಗುವ ಹಾಗೆ ಮನೆಯವರಿಗೆ ನೆರವಾಗುವುದು ಕೆಲಸ. ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಎಣ್ಣೆ ಮಿಲ್ಲಿನ ಹಿಂದಿನ ಬಾಡಿಗೆ ಕೋಣೆಯಲ್ಲಿ, ಶೇಂಗಾ ಎಣ್ಣೆಯ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಪಾಠ ಮಾಡಿದರು. ಅದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. ಸಾಕುವವಳು ಹೊರಗೆ ಹೋದರೆ ಮಗು ಅಳಬೇಕು, ಅವಳು ವಾಪಸು ಬಂದರೆ ಸುಮ್ಮನಾಗಬೇಕು. ಯಾರು ಹೋದರೂ ಅಳದ, ಯಾರು ಕರೆದರೂ ನಗುತ್ತಾ ಹೋಗುವ ಮಗುವನ್ನು ಕಂಡರೆ ಹುಷಾರಾಗಿರಿ, ಅದಕ್ಕೆ ಯಾರೂ ಇಲ್ಲದೆ ಇರಬಹುದು.

ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ಹುಡುಗಿಯರು ಮುಸಿಮುಸಿ ನಕ್ಕೆವು. ನಮ್ಮ ಕಡೆ ಅಳದ ಮಗು ಅಂದರೆ ಆ ಮನೆಯ ಪುಣ್ಯ. ಅಂಥ ಮಗುವನ್ನು ಹುಡುಕಿಕೊಂಡು ಹೋಗಿ ಅಳಿಸಿ ಬರುವುದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಅಂತ ನಮಗೆ ನಗು.

ಆ ನಗು ನಿಂತದ್ದು ಮೊಳಕಾಲ್ಮೂರಿನ ನೇಕಾರರ ಬೀದಿಯ ಒಂದು ಮನೆಯಲ್ಲಿ. ನಾನು ಹೊಸಿಲು ದಾಟುವುದರೊಳಗೆ ಒಂದೂವರೆ ವರ್ಷದ ಹೆಣ್ಣು ಕೂಸೊಂದು ನನ್ನತ್ತ ಎರಡೂ ಕೈ ಚಾಚಿತು. ಎತ್ತಿಕೊಂಡೆ. ಕತ್ತು ತಬ್ಬಿ, ನನ್ನ ಓಲೆ ಹಿಡಿದೆಳೆದು, ಇದ್ದ ನಾಲ್ಕಾರು ಹಲ್ಲನ್ನೂ ತೋರಿಸಿ ನಕ್ಕಿತು. ನನಗೋ ಖುಷಿ. ಆದರೆ ಅದು ನನ್ನನ್ನು ಹಿಂದೆಂದೂ ನೋಡಿರಲಿಲ್ಲ.

"ಇದರಿಂದ ಒಂದು ತಂಟೆ ಇಲ್ಲ ಕಣವ್ವ" ಅಂದಳು ಅದರ ಅಜ್ಜಿ, ತಂದೆಯ ತಾಯಿ. "ಹೊಸಬ್ರು ಹಳಬ್ರು ಅನ್ನಂಗಿಲ್ಲ, ಯಾರು ಕರೆದ್ರೂ ಹೋಗ್ತೈತೆ. ಅಳೋದೇ ಗೊತ್ತಿಲ್ಲ ಇದಕ್ಕೆ."

ಅದಕ್ಕೆ ಸಾಕ್ಷಿಯಾಗಿ ಒಂದು ಕತೆಯನ್ನೂ ಹೇಳಿದಳು. ಬಳೆ ಮಾರುವ ಸಾಬರು ಜಗಲಿಯಲ್ಲಿ ಕೂತು ಬಳೆ ತೊಡಿಸುವಾಗ ಕೂಸು ಅವರ ಕಂಕುಳೇರಿತಂತೆ. ಅವರು ಮಾತಿನ ಭರದಲ್ಲಿ ಹಾಗೇ ಎದ್ದು ಹೋದರಂತೆ. ಎರಡು ಬೀದಿ ದಾಟಿ, ಬೇರೊಂದು ಮನೆಯಲ್ಲಿ ಗಂಟು ಇಳಿಸುವಾಗ, ತಮ್ಮ ಕಂಕುಳಲ್ಲಿ ಬಳೆಯಲ್ಲದ್ದೂ ಒಂದಿದೆ ಅಂತ ಗೊತ್ತಾಗಿ, ಗಡ್ಡ ಹಾರಿಸಿಕೊಂಡು ಓಡಿ ಬಂದರಂತೆ. ಇಲ್ಲಿ ಯಾರಿಗೂ ಕೂಸು ಕಾಣೆಯಾದದ್ದೇ ಗೊತ್ತಿಲ್ಲ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ನಗುತ್ತಿರುವಾಗಲೇ ತರಬೇತಿಯ ಮೇಡಂ ಮಾತು ನೆನಪಾಯಿತು.

ಕೂಸನ್ನು ಹೆತ್ತವಳು ಅದು ಕೈಗೂಸಾಗಿದ್ದಾಗಲೇ ಜ್ವರದಲ್ಲಿ ತೀರಿಕೊಂಡಿದ್ದಳು. ಬೀದಿಯ ಬಾಣಂತಿಯರೆಲ್ಲ ಸರದಿಯ ಮೇಲೆ ಹಾಲು ಕೊಟ್ಟು ಉಳಿಸಿದ್ದರು. ಹಾಗಾಗಿ ಅದು ಬೀದಿಗೆಲ್ಲ ಸೇರಿದ ಕೂಸು, ಯಾರ ಕೂಸೂ ಅಲ್ಲ. ವರ್ಷ ತುಂಬುವುದರೊಳಗೆ, ಕೂಸಿಗೊಂದು ದಿಕ್ಕಾಗಲಿ ಅಂತ, ಸತ್ತವಳ ತಂಗಿಯನ್ನೇ ತಂದು ಮದುವೆ ಮಾಡಿಕೊಂಡಿದ್ದರು. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ.

ಹೆಚ್ಚು ಹೊತ್ತು ಕೂಸನ್ನು ತೂಗುತ್ತಿದ್ದದ್ದು ಮನುಷ್ಯರಲ್ಲ, ಮಗ್ಗ. ಆ ಮನೆಯದು ಗುಂಡಿ ಮಗ್ಗ. ನೇಯುವವನು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯಬೇಕು. ಕೂಸಿನ ತಂದೆ ತನ್ನದೇ ಒಂದು ಉಪಾಯ ಮಾಡಿದ್ದ. ತೊಲೆಗೆ ಕಟ್ಟಿದ ಸೀರೆಯ ಜೋಲಿಯಿಂದ ಒಂದು ಹುರಿ ಎಳೆದು ಆ ಹಲಗೆಗೆ ಬಿಗಿದಿದ್ದ. ಅವನು ತುಳಿದಷ್ಟೂ ಜೋಲಿ ತೂಗುತ್ತಿತ್ತು. ಅವರ ಕಡೆ ಗಂಡಸು ತನ್ನ ತಾಯಿಯ ಎದುರು ಕೂಸನ್ನು ತಾನೇ ಎತ್ತಿ ಆಡಿಸುವುದು ನಾಚಿಕೆಗೇಡು. ಕಾಲಲ್ಲಿ ತೂಗಿದರೆ ನಾಚಿಕೆಯಿಲ್ಲ, ಅದು ನೇಯ್ಗೆಯ ಲೆಕ್ಕ. ಕೂಸು ಲಾಳಿಯ ಸದ್ದಿಗೆ ಮಲಗಿ ಲಾಳಿಯ ಸದ್ದಿಗೆ ಏಳುತ್ತಿತ್ತು. ಅಕಸ್ಮಾತ್ ಎಳೆ ಹರಿದು ಮಗ್ಗ ನಿಂತರೆ ಮಾತ್ರ ಕತ್ತು ಎತ್ತಿ ನೋಡುತ್ತಿತ್ತು. ಅಷ್ಟರ ಮಟ್ಟಿಗೆ ಅದು ಮಗ್ಗವನ್ನೇ ತಾಯಿ ಅಂತ ತಿಳಿದಿತ್ತೋ ಏನೋ.

"ಅಜ್ಜಿ, ಕೂಸು ಸ್ವಲ್ಪ ಅಳ್ಬೇಕಿತ್ತು" ಅಂದೆ, ಧೈರ್ಯ ಮಾಡಿ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಎಲ್ಲಿಂದ ಬಂದೆ ಅಂದೆ ತಾಯಿ? ಚಳ್ಳಕೆರೆ? ಅಲ್ಲಿ ಬಿಸಿಲು ಜಾಸ್ತಿ ಅಲ್ಲೇನು?"

ಮಗ್ಗದ ಪಕ್ಕದಲ್ಲಿ ಕೂತು ಸೀರೆಯ ಅಂಚಿನ ಲಾಳಿ ಎಸೆಯುತ್ತಿದ್ದ ಹೊಸ ಹೆಂಡತಿ, ಕೂಸಿಗೆ ಚಿಕ್ಕವ್ವ, ತಲೆ ತಗ್ಗಿಸಿ ತುಟಿ ಬಿಗಿಹಿಡಿದಳು. ನಕ್ಕಳು ಅಂತ ನನಗೆ ಅನುಮಾನ. ನಾನು ಅವಳ ಮುಖದಲ್ಲಿ ಕಂಡ ಮೊದಲ ಜೀವಕಳೆ ಅದು.

ಯಾಕೆಂದರೆ ಅವಳು ಕೂಸಿನ ಹತ್ತಿರ ಇರುತ್ತಿದ್ದದ್ದು ನೋಡಿದರೆ ಯಾರಿಗಾದರೂ ಮರುಕ ಬರಬೇಕು. ಸಾವ್ಕಾರರ ರೇಷ್ಮೆಯನ್ನು ನೇಯಲು ಮನೆಗೆ ತಂದಿಟ್ಟುಕೊಂಡ ಹಾಗೆ ಆ ಕೂಸನ್ನು ಮುಟ್ಟುತ್ತಿದ್ದಳು. "ಬಾರಮ್ಮಾ, ಉಣ್ಣಮ್ಮಾ, ನಿದ್ದೆ ಬಂತಾ ತಾಯೀ" ಅಂತ ಬೀಗರ ಮನೆಯವರನ್ನು ಮಾತಾಡಿಸುವ ದನಿಯಲ್ಲಿ ಮಾತು. ಮೂಗು ಒರೆಸಲೂ ಹೆದರಿಕೆ. ಬೀದಿಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಎಷ್ಟಾದರೂ ಮಲತಾಯಿ, ನೋಡೋಣ ಏನು ಮಾಡ್ತಾಳೆ ಅಂತ. ಕೂಸು ಒಂದು ಸಲ ಮುಲುಕಿದರೆ ಸಾಕು, ಎದುರು ಮನೆಯಿಂದ ಒಂದು ತಲೆ, ಪಕ್ಕದ ಮನೆಯಿಂದ ಒಂದು ತಲೆ ಬಾಗಿಲಲ್ಲಿ ಇಣುಕುತ್ತಿತ್ತು. ಅವಳು ಗಾಬರಿಬಿದ್ದು, ಕೂಸು ಅಳುವ ಮೊದಲೇ ಅದನ್ನು ಬಂದವರ ಕೈಗೆ ಕೊಟ್ಟುಬಿಡುತ್ತಿದ್ದಳು. ಬೀದಿಯವರು ಎತ್ತಿಕೊಂಡು ಹೋಗುತ್ತಿದ್ದರು. ಕೂಸು ಅವರ ಹೆಗಲ ಮೇಲಿಂದ ಹಿಂತಿರುಗಿಯೂ ನೋಡುತ್ತಿರಲಿಲ್ಲ.

ನನ್ನ ಮೊದಲ ಪಾಠ ಎಡವಟ್ಟಾಯಿತು. ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಬಾಯಿ ತುಂಬ ಹೊಗಳಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು. ಚಿಕ್ಕವ್ವನಿಗೆ ತೋರಿಸಿಕೊಡಲು ನಾನೇ ಕೂಸನ್ನು ಮುಂದೆ ಕೂರಿಸಿಕೊಂಡು, "ಎಷ್ಟು ಚಂದ ಇದ್ದೀಯೇ ನೀನು! ಎಷ್ಟು ಗುಂಡಗೈತೆ ಕೆನ್ನೆ! ಎಂಥ ಕಣ್ಣು!" ಅಂತ ಶುರುಮಾಡಿದೆ.

"ಥೂ! ಥೂ! ಬಾಯಿ ಮುಚ್ಚೇ ತಾಯಿ!" ಅಂತ ಅಜ್ಜಿ ಒಲೆಯ ಮುಂದಿನಿಂದ ಹಾರಿ ಬಂದಳು. ಇವಳ ಕಣ್ಣು ಮೊದಲೇ ಕೆಟ್ಟದ್ದು, ಅದಕ್ಕೆ ಬಾಯಿ ಬೇರೆ ಸೇರಿತಲ್ಲ ಅಂತ ಕೂಗಾಡುತ್ತಾ, ಉಪ್ಪು, ಒಣ ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಕೂಸಿಗೆ ನಿವಾಳಿಸಿ ಒಲೆಗೆ ಎಸೆದಳು. ಬ್ಯಾಡಗಿಯ ಹೊಗೆ ಮನೆ ತುಂಬಿತು. ಮಗ್ಗ ನಿಂತಿತು. ಕೂಸಿನ ತಂದೆ ಕೆಮ್ಮುತ್ತಾ ಗುಂಡಿಯಿಂದ ಎದ್ದು ಬಂದು, ಏನಾಯಿತು ಅಂತ ಕೇಳಲೂ ಆಗದೆ ಬೀದಿಗೆ ಓಡಿದ. ಎಲ್ಲರೂ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಹೊರಗೆ ನಿಂತಿದ್ದೆವು. ಕೂಸು ಮಾತ್ರ, ಇಷ್ಟೊಂದು ಜನ ಒಟ್ಟಿಗೆ ಅಳುತ್ತಿರುವುದು ನೋಡಿ, ಪಕ್ಕದ ಮನೆಯವಳ ಕಂಕುಳಲ್ಲಿ ಕೂತು ಚಪ್ಪಾಳೆ ತಟ್ಟುತ್ತಿತ್ತು.

ಅಜ್ಜಿ ನನಗೊಂದು ಶಿಕ್ಷೆ ವಿಧಿಸಿದಳು. ಇನ್ನು ಮುಂದೆ ಮನೆಯೊಳಗೆ ಕಾಲಿಟ್ಟ ಕೂಡಲೇ ಕೂಸಿಗೆ ಏನಾದರೊಂದು ಕೆಟ್ಟದ್ದು ಅನ್ನಬೇಕು. ನಾನು ಸಂತೋಷವಾಗಿ ಒಪ್ಪಿಕೊಂಡೆ. "ಏನೇ ಸೊಟ್ಟ ಮೂತಿ", "ಏನೇ ಕೋತಿ ಮರಿ" ಅಂತ ಬಾಗಿಲಲ್ಲೇ ಕೂಗುತ್ತಾ ಬರುತ್ತಿದ್ದೆ. ಅಜ್ಜಿಗೆ ಸಮಾಧಾನ. ಅವಳು ತಾನೂ ಸೇರಿಕೊಳ್ಳುತ್ತಿದ್ದಳು. ಎದುರು ಮನೆಯವಳು "ಕರಿ ಹೆಗ್ಗಣ" ಅನ್ನುತ್ತಿದ್ದಳು, ಪಕ್ಕದವಳು "ಸುಂಟರಗಾಳಿ" ಅನ್ನುತ್ತಿದ್ದಳು. ಆಗ ನನಗೆ ಹೊಳೆಯಿತು, ಇಡೀ ಬೀದಿಯಲ್ಲಿ ಆ ಕೂಸನ್ನು ಬೈಯದೇ ಇದ್ದವಳು ಚಿಕ್ಕವ್ವ ಒಬ್ಬಳೇ.

ನಮ್ಮ ಸೀಮೆಯ ಮುದ್ದಿನ ಬಗ್ಗೆ ಬೆಂಗಳೂರಿನ ಮೇಡಂಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಿತ್ತು. ನನ್ನ ಅವ್ವ ನನ್ನನ್ನು ಹೆಸರು ಹಿಡಿದು ಕರೆದದ್ದು ಶಾಲೆಗೆ ಸೇರಿಸಿದ ದಿನ ಮಾತ್ರ. ಉಳಿದ ದಿನ ನಾನು ಕತ್ತೆ, ದಂಡಪಿಂಡ, ಮನೆಹಾಳಿ. ಅವ್ವ ಒಂದು ದಿನ ಮೆತ್ತಗೆ "ಬಾರಮ್ಮ" ಅಂದರೆ ಮನೆಗೆ ಯಾರೋ ಗಂಡು ನೋಡಲು ಬಂದಿದ್ದಾರೆ ಅಂತಲೇ ಅರ್ಥ.

ಇದನ್ನು ಹೇಗೆ ಬಳಸಿಕೊಳ್ಳುವುದು ಅಂತ ನಾನು ಯೋಚಿಸುತ್ತಿರುವಾಗಲೇ ಅಜ್ಜಿ ಒಂದು ಸುದ್ದಿ ಹೇಳಿದಳು. ಅವಳ ದೊಡ್ಡ ಮಗಳು, ಅಂದರೆ ಕೂಸಿಗೆ ಸೋದರತ್ತೆ, ಪರಶುರಾಂಪುರದ ಕಡೆ ಒಂದು ಹಳ್ಳಿಯಲ್ಲಿದ್ದಳು. ಹೊಲ, ಕುರಿ, ಎಲ್ಲ ಇತ್ತು, ಮಕ್ಕಳಿರಲಿಲ್ಲ. ಈರುಳ್ಳಿ ಕಿತ್ತು ಮುಗಿದ ಮೇಲೆ ಬಂದು ಕೂಸನ್ನು ಕರೆದುಕೊಂಡು ಹೋಗಿ ಸಾಕಿಕೊಳ್ಳುತ್ತಾಳಂತೆ.

"ಇವಳಿಗೂ ನಾಳೆ ತನ್ನದು ಅಂತ ಒಂದು ಆಗ್ತೈತೆ" ಅಂದಳು ಅಜ್ಜಿ, ಸೊಸೆಯ ಕಡೆ ಗದ್ದ ತೋರಿಸಿ. "ಆಮೇಲೆ ಇದರ ಗತಿ? ಇದಕ್ಕೇನು, ಯಾರು ಕರೆದ್ರೂ ಹೋಗ್ತೈತೆ. ಬಳೆ ಸಾಬಣ್ಣನ ಜತೀಗೇ ಹೋದದ್ದು ಅತ್ತೆ ಜತೀಗೆ ಹೋಗಲ್ಲೇನು?"

ಅಜ್ಜಿಯ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಸೋದರತ್ತೆಯೂ ಒಳ್ಳೆಯವಳೇ. ಆದರೆ ಆ ಕೂಸು ಆಗಲೇ ಎಷ್ಟೊಂದು ಕೈ ದಾಟಿ ಬಂದಿತ್ತು. ಅಳಲಿಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೊಂದು ಕೈಗೆ ಹೋಗುವುದರಲ್ಲಿತ್ತು. ಚಿಕ್ಕವ್ವ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಳೆ ಹರಿಯಿತು. ಗಂಟು ಹಾಕಿದಳು, ಮತ್ತೆ ಹರಿಯಿತು.

ಆಮೇಲೆ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಾಗ ಅವಳೇ ಬಾಯಿ ಬಿಟ್ಟಳು. "ಮೇಡಂ, ನಾನು ಈ ಮನೆಗೆ ಬಂದಿದ್ದೇ ಆ ಕೂಸಿಗೋಸ್ಕರ. ಇಲ್ಲಾಂದ್ರೆ ಅಕ್ಕನ ಗಂಡನ್ನ ನಾನ್ಯಾಕೆ ಕಟ್ಕಂತಿದ್ದೆ? ಅದೇ ಹೋದ್ಮೇಲೆ ನಾನು ಇಲ್ಲಿ ಯಾರು?"

"ನಿಮ್ಮತ್ತೆಗೆ ಹೇಳು ಹಂಗಂತ."

"ಹೇಳ್ಬಹುದು. ಅದು ನನ್ನ ತಾವ ಬರಬೇಕಲ್ಲ? ನಾನು ಕರೆದ್ರೂ ಬರ್ತೈತೆ, ನಾಯಿ ಕರೆದ್ರೂ ಹೋಗ್ತೈತೆ." ಕಣ್ಣು ಒರೆಸಿಕೊಂಡಳು. ಕೊಡ ತುಂಬಿ ಹರಿಯುತ್ತಿತ್ತು, ಇಬ್ಬರೂ ನೋಡಲಿಲ್ಲ.

ಅವಳ ಅವ್ವ ಅಕ್ಕತಂಗಿಯರಿಬ್ಬರನ್ನೂ ಏನಂತ ಕರೆಯುತ್ತಿದ್ದಳು ಅಂತ ಕೇಳಿದೆ. ಮೊದಲು ನಾಚಿದಳು. ಆಮೇಲೆ ಒಂದೊಂದಾಗಿ ಹೊರಬಂದವು. ಅವಳ ತವರು ರಾಯದುರ್ಗದ ಕಡೆ, ಅಲ್ಲಿ ಪ್ರೀತಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಅಕ್ಕ ಗೂಬೆ ಮೂತಿಯವಳು, ತಾನು ದೊಂಗದಾನಾ, ಅಂದರೆ ಕಳ್ಳಿ. ಹೇಳುತ್ತಾ ಹೇಳುತ್ತಾ ನಕ್ಕಳು, ನಗುತ್ತಾ ನಗುತ್ತಾ ಅತ್ತಳು.

"ಆ ಕೂಸಿನ ಅವ್ವ ಇದ್ದಿದ್ರೆ ಅದನ್ನ ಹಂಗೇ ಕರೀತಿದ್ಲು ತಾನೆ? ನೀನು ಕರಿ" ಅಂದೆ.

"ಅಯ್ಯಯ್ಯೋ, ಬೀದಿಯೋರು ನನ್ನ ಸುಮ್ನೆ ಬಿಡ್ತಾರಾ?"

ಬೀದಿಯವರನ್ನು ನಾನು ನೋಡಿಕೊಂಡೆ. ಮುಂದಿನ ಸಲ ಹೋದಾಗ ಜಗಲಿಯ ಮೇಲೆ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಚೀಲದಿಂದ ಯಾವುದೋ ಕಾಗದ ತೆಗೆದು (ನಮ್ಮ ಬೀದಿಯ ಅಂಗಡಿಯ ದಿನಸಿ ಚೀಟಿ) ಗಂಭೀರವಾಗಿ ನೋಡುತ್ತಾ, ಮೇಲಿನಿಂದ ಆರ್ಡರ್ ಬಂದಿದೆ ಅಂದೆ. ಈ ಮನೆಯ ಕೂಸನ್ನು ಚಿಕ್ಕವ್ವ ದಿನಾ ಹತ್ತಿರ ಕೂರಿಸಿಕೊಂಡು, ಮುಖ ನೋಡಿ, ಬೈಯಬೇಕು. ಹೊಡೆಯುವ ಹಾಗಿಲ್ಲ. ಅತ್ತರೆ ಬೇರೆ ಯಾರೂ ಎತ್ತಿಕೊಳ್ಳುವ ಹಾಗಿಲ್ಲ, ಅವಳೇ ಎತ್ತಿಕೊಂಡು ಸಮಾಧಾನ ಮಾಡಬೇಕು. ಊಟ, ಸ್ನಾನ, ನಿದ್ದೆ, ಎಲ್ಲ ಅವಳ ಕೈಯಲ್ಲೇ. ಬೀದಿಯವರು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ನೋಡಿಕೊಳ್ಳಬೇಕು.

ನನ್ನ ಸಂಸ್ಥೆಯವರು ಕೇಳಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದರು. ಬೀದಿಯವರಿಗೆ ಮಾತ್ರ ಬಲು ಹಿಡಿಸಿತು. ಇಣುಕುವುದಕ್ಕೆ ಈಗ ಸರ್ಕಾರದ ಅಪ್ಪಣೆಯೇ ಸಿಕ್ಕ ಹಾಗಾಯಿತು. ಅಜ್ಜಿಗಂತೂ ಮೈಯಲ್ಲಿ ಹುರುಪು ಬಂತು. ಸೊಸೆ ಮೆಲ್ಲಗೆ "ಏ ಕಳ್ಳೀ" ಅಂದರೆ, ಅಜ್ಜಿ ಹಣೆ ಬಡಿದುಕೊಂಡು, "ಇದೂ ಒಂದು ಬೈಗುಳಾನಾ? ಭಜನೆ ಮಾಡ್ದಂಗೈತೆ. ಗಂಟಲು ಬಿಟ್ಟು ಅನ್ನೇ!" ಅಂತ ಪಾಠಕ್ಕೆ ನಿಂತಳು.

ಕಷ್ಟವಾದದ್ದು ಹುರಿಯದು. ಜೋಲಿಯ ಹುರಿಯನ್ನು ಮಗ್ಗದಿಂದ ಬಿಚ್ಚಿ ಚಿಕ್ಕವ್ವನ ಕೈಗೆ ಕೊಡಬೇಕು ಅಂತ ಕೂಸಿನ ತಂದೆಗೆ ಹೇಳಿದೆ. ಅವನು ಹುರಿಯ ಗಂಟನ್ನು ಮುಟ್ಟಿ ನೋಡಿದ. "ನಾನು ಅದಕ್ಕೆ ಅಂತ ಮಾಡೋದು ಅದೊಂದೇ ಕಣ್ರಿ" ಅಂದ. ಹಾಗಾದರೆ ಅಜ್ಜಿ ಗುಡಿಗೆ ಹೋದಾಗ ಕೂಸನ್ನು ಮಗ್ಗದ ಹತ್ತಿರ ನಿನ್ನ ಪಕ್ಕದಲ್ಲಿ ಕೂರಿಸಿಕೋ ಅಂದೆ. ಆಮೇಲಾಮೇಲೆ ಅಜ್ಜಿ, ಯಾಕೋ ಏನೋ, ಗುಡಿಗೆ ಹೋಗುವುದು ಹೆಚ್ಚಾಯಿತು.

ಹುರಿ ಬಿಚ್ಚಿದ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಳುವುದೇ ಗೊತ್ತಿಲ್ಲದ ಕೂಸು ಅಳಲು ಕಲಿತು, ಹಿಂದಿನ ಬಾಕಿಯನ್ನೆಲ್ಲ ಸೇರಿಸಿ ಅತ್ತಿತು. ಯಾರೂ ಎತ್ತಿಕೊಳ್ಳಬಾರದೆಂಬ ಆರ್ಡರ್ ಇದ್ದುದರಿಂದ ಚಿಕ್ಕವ್ವ ಒಬ್ಬಳೇ ಎತ್ತಿಕೊಂಡು ತಿರುಗಿದಳು. ಅಜ್ಜಿ ನನ್ನ ಹೆಸರು ಹಿಡಿದು ಶಪಿಸುತ್ತಿದ್ದಾಳೆ ಅಂತ ಆ ಊರಿನ ಎಸ್‌ಟಿಡಿ ಬೂತಿನಿಂದ ನಮ್ಮ ಆಫೀಸಿಗೆ ಫೋನು ಬಂತು. ನನಗೆ ಜ್ವರ ಅಂತ ಹೇಳಿಸಿ, ಒಂದು ವಾರ ಚಳ್ಳಕೆರೆಯಲ್ಲೇ ಮಂಡಕ್ಕಿ ಮೆಣಸಿನಕಾಯಿ ತಿಂದುಕೊಂಡು ಅವಿತುಕೊಂಡೆ.

ಮತ್ತೆ ಹೋದಾಗ ಚಿಕ್ಕವ್ವನ ಕಣ್ಣ ಸುತ್ತ ಕಪ್ಪು. ಕೂಸು ಅವಳ ಹಿಂದೆ ಹಿಂದೆ ನೀರಿನ ಮನೆಗೂ ಒಲೆಯ ಮುಂದಕ್ಕೂ ಓಡಾಡುತ್ತಿತ್ತು. ನನ್ನನ್ನು ನೋಡಿ ನಕ್ಕಿತು, ಕೈ ಚಾಚಿತು, ಬಂದಿತು. ಆದರೆ ನನ್ನ ಕಂಕುಳಿಂದಲೇ ಕತ್ತು ತಿರುಗಿಸಿ ಅವಳೆಲ್ಲಿ ಅಂತ ಒಂದು ಸಲ ನೋಡಿತು. ನನ್ನ ಚೀಲದಲ್ಲಿದ್ದ ಆಟದ ಸಾಮಾನನ್ನೆಲ್ಲ ಅವತ್ತು ಅಲ್ಲೇ ಕೊಟ್ಟು ಬಂದೆ, ಅಷ್ಟು ಖುಷಿಯಾಗಿತ್ತು.

ನಿಜವಾದ ಬೈಗುಳ ಬಂದದ್ದು ಅದಾದ ಮೇಲೆ, ನನ್ನ ಕಣ್ಣೆದುರಿಗೇ. ಮಗ್ಗದ ಮೇಲೆ ಹೊಸ ಹಾಸು ಏರಿಸಿದ್ದರು, ಉದ್ದಕ್ಕೂ ಬಿಗಿದ ರೇಷ್ಮೆಯ ಎಳೆಗಳು. ಕೂಸು ಅದರ ಕೆಳಗೆ ನುಸಿದು ಹೋಗಿ, ಕೈಗೆ ಸಿಕ್ಕಷ್ಟು ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಜೋತುಬಿದ್ದಿತು. ಟಪಟಪ ಅಂತ ಹರಿದವು.

"ಓಸಿ ದೊಂಗದಾನಾ! ಕೈ ತೆಗೀತೀಯೋ ಇಲ್ವೋ ಗೂಬೆ ಮೂತಿಯೋಳೇ! ನಿಮ್ಮಪ್ಪ ಎದೆ ಒಡ್ಕಂಡು ಸಾಯ್ಲಾ?"

ಕಿರುಚಿದವಳು ಚಿಕ್ಕವ್ವ. ಕಲಿತದ್ದಲ್ಲ, ಒಳಗಿಂದ ಬಂದದ್ದು. ಅವಳ ಅವ್ವನ ದನಿ, ಬಹುಶಃ ಅವಳ ಅಕ್ಕನ ದನಿಯೂ. ಮಗ್ಗ ನಿಂತಿತು. ಅಜ್ಜಿ ಸೌಟು ಹಿಡಿದೇ ನಿಂತಳು. ಬಾಗಿಲಲ್ಲಿ ಮಾಮೂಲು ತಲೆಗಳು ಬಂದವು. ಚಿಕ್ಕವ್ವ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ತಾನೇ ಹಾಸು ಹರಿದವಳ ಹಾಗೆ ಬೆಳ್ಳಗಾಗಿದ್ದಳು.

ಕೂಸು ಎಳೆ ಬಿಟ್ಟಿತು. ತುಟಿ ಉಬ್ಬಿತು, ನಡುಗಿತು, ಅಳು ಹೊರಬಂತು. ಸುತ್ತಲೂ ಇಷ್ಟು ಜನ, ಇಷ್ಟು ಪರಿಚಯದ ಕಂಕುಳು. ಎದುರು ಮನೆಯವಳು ಅಭ್ಯಾಸಬಲದಿಂದ ಕೈ ಚಾಚಿಯೂ ಬಿಟ್ಟಳು. ಕೂಸು ಅವಳನ್ನು ದಾಟಿ, ನನ್ನನ್ನು ದಾಟಿ, ತಟಪಟ ಹೆಜ್ಜೆಯಿಟ್ಟುಕೊಂಡು ಹೋಗಿ, ಬೈದವಳ ಮಡಿಲಿಗೇ ಮುಖ ಹುದುಗಿಸಿ ಅತ್ತಿತು. ಚಿಕ್ಕವ್ವ ಅದನ್ನು ಬಾಚಿ ತಬ್ಬಿಕೊಂಡು, "ಕಳ್ಳೀ, ಕಳ್ಳೀ" ಅಂತ ಬೈಯುತ್ತಲೇ ತಾನೂ ಅತ್ತಳು.

"ಈಗ ಅಂದ್ಲು ನೋಡು" ಅಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತಾ.

ಹಾಗಂತ ಅಜ್ಜಿ ಮಗಳಿಗೆ ಬರಬೇಡ ಅಂತ ಹೇಳಿ ಕಳಿಸಲಿಲ್ಲ. ಕೊಟ್ಟ ಮಾತು, ಅದೂ ಮಕ್ಕಳಿಲ್ಲದ ಮಗಳಿಗೆ. ಈರುಳ್ಳಿ ಕೆಲಸ ಮುಗಿಯಿತು. ಸೋದರತ್ತೆ ಬರುವ ದಿನ ನಾನು ಮೊದಲ ಬಸ್ಸಿಗೇ ಹೋಗಿ, ಕರೆಯದೇ ಬಂದ ನೆಂಟರ ಹಾಗೆ ಜಗಲಿಯಲ್ಲಿ ಕೂತೆ.

ಅತ್ತೆ ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಬಾಯಿ ತುಂಬ ಎಲೆಯಡಿಕೆ, ಸೆರಗಿಗೆ ಕುರಿಯ ವಾಸನೆ. ಶೇಂಗಾ ಉಂಡೆಯ ಡಬ್ಬಿ ತಂದಿದ್ದಳು, ಜರಿ ಹಚ್ಚಿದ ಕೆಂಪು ಫ್ರಾಕು ತಂದಿದ್ದಳು. ದೋಷ ಹುಡುಕಲು ಕೂತ ನನಗೆ ಒಂದೂ ಸಿಗಲಿಲ್ಲ. ಊಟವಾಯಿತು. "ಬಾರೇ ನನ್ನ ಹುಳಿ ಮಾವಿನಕಾಯಿ" ಅಂತ ಎರಡೂ ತೋಳು ಅಗಲಿಸಿ ಕರೆದಳು.

ಹಾಸು ಹರಿದ ಆ ಒಂದು ದಿನ ಬಿಟ್ಟರೆ ಈ ಕೂಸು ಜೀವಮಾನದಲ್ಲಿ ಯಾವ ತೋಳಿಗೂ ಇಲ್ಲ ಅಂದದ್ದಿಲ್ಲ.

ಕೂಸು ಅತ್ತೆಯನ್ನು ನೋಡಿತು, ಉಂಡೆಯನ್ನು ನೋಡಿತು. ಉಂಡೆ ತೆಗೆದುಕೊಂಡಿತು. ತೆಗೆದುಕೊಂಡು ಹಿಂದೆ ಹಿಂದೆ ಸರಿದು ಚಿಕ್ಕವ್ವನ ಮೊಣಕಾಲು ತಬ್ಬಿ ನಿಂತಿತು.

"ನಾಚ್ಕೆ ಅದಕ್ಕೆ" ಅಂತ ಅತ್ತೆ ಎತ್ತಿಕೊಂಡಳು. ಆಗ ಕೂಸು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ಮಗ್ಗವೂ ನಿಂತಿತು. "ನಾಲ್ಕು ಹೆಜ್ಜೆ ಹೋದ್ರೆ ಸುಮ್ಕಾಗ್ತೈತೆ ಬಿಡವ್ವ" ಅಂತ ಅತ್ತೆ ಫ್ರಾಕಿನ ಪೊಟ್ಟಣ ಬಗಲಲ್ಲಿಟ್ಟುಕೊಂಡು ಬೀದಿಗಿಳಿದಳು. ಸುಮ್ಮನಾಗಲಿಲ್ಲ. ಅತ್ತೆಯ ಹೆಗಲ ಮೇಲಿಂದ ಎರಡೂ ಕೈ ಹಿಂದಕ್ಕೆ ಚಾಚಿ, ಉಸಿರು ಕಟ್ಟಿ ನೀಲಿಗಟ್ಟುವ ಹಾಗೆ ಅತ್ತಿತು. ನಾನು ಆ ಅಳುವಿಗಾಗಿ ತಿಂಗಳುಗಟ್ಟಲೆ ಬಸ್ ಹತ್ತಿದ್ದೆ. ಈಗ ಕೇಳಲು ಆಗಲಿಲ್ಲ.

ಚಿಕ್ಕವ್ವ ಹೊಸಿಲಲ್ಲಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಅಜ್ಜಿಯ ಎದುರು, ನಾದಿನಿಯ ಎದುರು ಅವಳು ಇದುವರೆಗೂ ತಲೆ ಎತ್ತಿದವಳಲ್ಲ. ನಾನು ಏನಾದರೂ ಅನ್ನಬೇಕೆಂದು ಬಾಯಿ ತೆರೆಯುವುದರೊಳಗೆ ಅವಳು ಬೀದಿಗಿಳಿದಿದ್ದಳು.

"ಏ ದೊಂಗದಾನಾ! ಎಲ್ಲಿಗೇ ಹೊರಟೆ ನನ್ನ ಬಿಟ್ಟು? ಬಾ ಇಲ್ಲಿ!"

ಕೂಸನ್ನು ಬೈದದ್ದು. ಕೇಳಬೇಕಾದವರಿಗೆಲ್ಲ ಕೇಳಿಸಿತು. ಅತ್ತೆ ತಿರುಗಿದಳು. ಕೂಸು ಅವಳ ತೋಳಿನಿಂದ ಮುಂದಕ್ಕೆ ಬಾಗಿ ಜಿಗಿಯಿತು, ಚಿಕ್ಕವ್ವ ಹಿಡಿದುಕೊಂಡಳು. ಕೇಳಲಿಲ್ಲ, ಕಸಿದುಕೊಳ್ಳಲೂ ಇಲ್ಲ, ತನ್ನದನ್ನು ತಾನು ತೆಗೆದುಕೊಂಡಳು. ಕೂಸು ಬಿಕ್ಕುತ್ತಾ ಅವಳ ಕತ್ತಿನಲ್ಲಿ ಮುಖ ಇಟ್ಟಿತು, ನಾವು ನೋಡುತ್ತಿದ್ದ ಹಾಗೇ ಸುಮ್ಮನಾಯಿತು.

ಅಜ್ಜಿ ಮಗಳ ಮುಖ ನೋಡಿದಳು, ಮಗಳು ನೆಲ ನೋಡಿದಳು. ಆಮೇಲೆ ಅತ್ತೆ ಎಲೆಯಡಿಕೆ ಉಗಿದು ಬಂದು ಜಗಲಿಯ ಮೇಲೆ ದೊಪ್ಪನೆ ಕೂತಳು. "ಯಪ್ಪಾ, ಕಿವಿ ಹರಿದು ಹಾಕ್ತು. ಇದನ್ನ ಕರ್ಕೊಂಡು ಹೋದ್ರೆ ನನ್ನ ಕುರಿ ಎಲ್ಲಾ ಬೆದರಿ ಆಂಧ್ರಕ್ಕೆ ಓಡ್ತಾವೆ. ಬ್ಯಾಡ ತಾಯಿ, ಇಲ್ಲೇ ಇರ್ಲಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಟೀ ಕುಡಿಯುವಾಗ ತೊಡೆಯ ಮೇಲಿದ್ದ ಕೆಂಪು ಫ್ರಾಕಿನ ಜರಿಯನ್ನು ಬೆರಳಲ್ಲಿ ನೇವರಿಸುತ್ತಲೇ ಇದ್ದಳು. ಹೊರಡುವಾಗ ಅದನ್ನು ಚಿಕ್ಕವ್ವನ ಕೈಗಿಟ್ಟು, "ಜಾತ್ರೆಗೆ ಇದನ್ನೇ ತೊಡ್ಸು" ಅಂದಳು. ಅವಳ ಬಗ್ಗೆ ನನಗೆ ಆಗ ಆದ ಸಂಕಟ ಈಗಲೂ ಪೂರ್ತಿ ಹೋಗಿಲ್ಲ.

ಸಂಜೆ ನಾನು ಹೊರಟು ನಿಂತೆ. ಗೆದ್ದ ಗರ್ವದಲ್ಲಿ, "ಏನೇ ಸೊಟ್ಟ ಮೂತಿ, ಬಾ" ಅಂತ ಕೈ ಚಾಚಿದೆ. ಮೊದಲ ದಿನ ನನ್ನ ಕತ್ತಿಗೆ ಜೋತುಬಿದ್ದು ಓಲೆ ಎಳೆದ ಅದೇ ಕೂಸು ನನ್ನನ್ನು ನೋಡಿ, ತುಟಿ ಉಬ್ಬಿಸಿ, ಹೋ ಅಂತ ಅಳುತ್ತಾ ಚಿಕ್ಕವ್ವನ ಸೆರಗೊಳಗೆ ಅವಿತುಕೊಂಡಿತು.

"ನೋಡು, ಏನು ಮಾಡಿಟ್ಟೆ ನೋಡು" ಅಂದಳು ಅಜ್ಜಿ. "ಎಂಥ ಕೂಸಿತ್ತು. ಈಗ ಯಾರ ತಾವೂ ಹೋಗಲ್ಲ."

ಕಲಿಸಿಕೊಟ್ಟ ಪಾಠದ ಪ್ರಕಾರ ನನಗೆ ಸಂತೋಷವಾಗಬೇಕಿತ್ತು. ಆಯಿತು. ಜೊತೆಗೆ ಎದೆಯಲ್ಲಿ ಒಂದು ಕಡೆ ಚುಚ್ಚಿತು, ಅದನ್ನು ಮುಚ್ಚಿಡುವುದು ಯಾಕೆ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಚೀಲ ಸರಿಮಾಡಿಕೊಂಡೆ. ಬೀದಿಯ ತಿರುವಿನವರೆಗೂ ಬಂದಿದ್ದೆ, ಹಿಂದಿನಿಂದ ಕೂಗು ಕೇಳಿತು.

"ಏ ಗೂಬೆ! ಬಸ್ ಹೊರಡ್ತೈತೆ, ಓಡೇ!"

ತಿರುಗಿ ನೋಡಿದೆ. ಚಿಕ್ಕವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಾಲಿಗೆ ಕಚ್ಚಿಕೊಂಡು ನಿಂತಿದ್ದಳು. ಅದುವರೆಗೆ ಅವಳು ನನ್ನನ್ನು ಮೇಡಂ ಅಂತಲೇ ಕರೆದಿದ್ದಳು.